ಬರೆಯದ ಶನಿವಾರಗಳು

“ಮಕ್ಕಳನ್ನ ಮಾರೋ ಅಂಗಡಿ ಕಣೇ ಅದು. ಅಲ್ಲಿಗೆ ಹೋಗಿ ರುಜು ಹಾಕ್ತೀನಿ ಅಂತೀಯಲ್ಲ, ಮಾನ ಮರ್ಯಾದೆ ಇದೆಯಾ ನಿಂಗೆ?”

ಪಾಲಿನ್ ಫೋರ್ಕನ್ನು ತಟ್ಟೆಗೆ ಕುಕ್ಕಿದ ರಭಸಕ್ಕೆ ಒಂದು ಬಟಾಣಿ ಹಾರಿ ತಮ್ಮನ ಅಂಗಿಯ ಮೇಲೆ ಬಿತ್ತು. ತಮ್ಮ ರಸೆಲ್ ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಹೆಂಡತಿ ಮತ್ತು ಅಕ್ಕ ಜಗಳಕ್ಕೆ ನಿಂತಾಗ ತಿನ್ನುವುದನ್ನು ನಿಲ್ಲಿಸಬಾರದು ಎಂಬುದೊಂದೇ ಅವನು ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಕಲಿತ ವಿದ್ಯೆ.

“ನನ್ನ ಮರ್ಯಾದೆ ಆಮೇಲೆ ನೋಡೋಣ,” ಅಂದಳು ಲಿನೆಟ್. “ನಿನ್ನ ಕೌನ್ಸಿಲ್‌ನೋರ ಮರ್ಯಾದೆ ಹೇಳು ಮೊದ್ಲು. ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕ್ದೆ, ಈಗ ಜನವರಿ. ಒಬ್ಳು ಬಂದ್ಲು, ಮನೆ ಮೆಟ್ಟಿಲು ಎಷ್ಟಿದೆ ಅಂತ ಎಣಿಸ್ಕೊಂಡು ಹೋದ್ಲು, ಮುಂದಿನ ವಾರವೇ ಕೆಲ್ಸ ಬಿಟ್ಲು. ಇನ್ನೊಬ್ಬ ಫೋನ್ ಮಾಡಿ ನಿಮ್ಮ ಡಾಕ್ಟರ್ ಕಾಗದ ಬಂದಿಲ್ಲ ಅಂದ. ಕಳಿಸಿದೀನಿ ಅಂದ್ರೆ, ಎಲ್ಲೋ ತಪ್ಪಿಸ್ಕೊಂಡಿರಬೇಕು ಅಂದ. ತಪ್ಪಿಸ್ಕೊಳ್ಳೋಕೆ ಅದೇನು ಬೆಕ್ಕಿನ ಮರಿಯಾ?”

“ಜನ ಇಲ್ಲ ಅವರ ಹತ್ರ. ಕಾಯಬೇಕು.”

“ಕಾದು ಕಾದು ಐವತ್ನಾಲ್ಕಾಯ್ತು ನಂಗೆ.”

“ಹಂಗಂತ ಲಾಭಕ್ಕೆ ಕೂತಿರೋರ ಹತ್ರ ಹೋಗ್ತೀಯಾ? ಒಂದು ಮಗುಗೆ ಅಂತ ಕೌನ್ಸಿಲ್‌ನಿಂದ ಅವರು ಕಿತ್ಕೊಳ್ಳೋದು ಎಷ್ಟು ಗೊತ್ತಾ? ಅದ್ರಲ್ಲಿ ಅರ್ಧ ನಿನ್ನ ಕೈಗೆ, ಇನ್ನರ್ಧ ಯಾವನೋ ಕೋಟು ಹಾಕ್ಕೊಂಡೋನ ಜೇಬಿಗೆ. ಊರಿನ ದುಡ್ಡು ಅದು, ಲಿನ್.”

“ಆ ಅರ್ಧವೇ ನಿನಗೆ ಬರೋದಕ್ಕಿಂತ ಜಾಸ್ತಿ ಅಂತ ಹೊಟ್ಟೆ ಉರಿಯಾ?”

ರಸೆಲ್‌ಗೆ ನಗು ಬಂತು. ಅಕ್ಕ ಒಮ್ಮೆ ನೋಡಿದಳು. ನಗು ಆಲೂಗಡ್ಡೆಯ ಜೊತೆ ಒಳಗೆ ಹೋಯಿತು.

ಪಾಲಿನ್ ಹದಿನಾರು ವರ್ಷದಿಂದ ಕೌನ್ಸಿಲ್‌ನ, ಅಂದರೆ ಊರಿನ ಆಡಳಿತದ, ಸಾಕುತಾಯಿ. ಹೆತ್ತವರ ಮನೆಯಲ್ಲಿ ಇರಲಾಗದ ಮಕ್ಕಳನ್ನು ಕೌನ್ಸಿಲ್‌ನವರು ಅವಳ ಮನೆಗೆ ತಂದು ಬಿಡುತ್ತಿದ್ದರು. ಕೆಲವರು ಒಂದು ವಾರ, ಕೆಲವರು ಒಂದು ವರ್ಷ. ಕಾಯಂ ಮನೆ ಸಿಕ್ಕ ಮೇಲೆ ಕರೆದುಕೊಂಡು ಹೋಗುತ್ತಿದ್ದರು. ನಲವತ್ಮೂರು ಮಕ್ಕಳು ಹೀಗೆ ಬಂದು ಹೋಗಿದ್ದರು, ಎಲ್ಲರ ಪಟವೂ ಮೆಟ್ಟಿಲ ಪಕ್ಕದ ಗೋಡೆಯ ಮೇಲಿತ್ತು. ಸ್ಕೆಲ್‌ಬಿ ಊರಿನಲ್ಲಿ ಅವಳನ್ನು ಗೊತ್ತಿಲ್ಲದವರಿಲ್ಲ. ಕೌನ್ಸಿಲ್ ಎಂದರೆ ತಾನೇ ಎಂಬ ಹಾಗೆ ಮಾತಾಡುತ್ತಿದ್ದಳು. ಕೌನ್ಸಿಲ್‌ನವರು ಕಸದ ಗಾಡಿ ಎರಡು ದಿನ ತಡಮಾಡಿದರೂ ಪಾಲಿನ್ ಅವರ ಪರವಾಗಿ ವಾದ ಹೂಡುವವಳು.

ಲಿನೆಟ್ ಬಂದರಿನ ಪಕ್ಕದ ಮೀನಿನ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಹ್ಯಾಡಕ್ ಮೀನು ಸೀಳುವವಳು. ಅವಳ ಹೊಟ್ಟೆಯಲ್ಲಿ ಮಕ್ಕಳು ನಿಲ್ಲಲಿಲ್ಲ. ಮೂರು ಸಲ ಆಸೆ ಹುಟ್ಟಿ ಮೂರು ಸಲವೂ ಆಸ್ಪತ್ರೆಯಲ್ಲಿ ಮುಗಿಯಿತು. ಅದರ ಬಗ್ಗೆ ಅವಳು ಮಾತಾಡುತ್ತಿರಲಿಲ್ಲ. ಬೇರೆಯವರು ಮಾತಾಡಿದರೆ ಎದ್ದು ಹೋಗುತ್ತಿದ್ದಳು. ಮಕ್ಕಳ ಆಸೆ ಸತ್ತೇ ಹೋಗಿತ್ತು ಅಂದುಕೊಂಡಿದ್ದಳು, ಹೋದ ಮಾರ್ಚ್‌ನಲ್ಲಿ ಪಾಲಿನ್ ಮನೆಗೆ ಟೀಗನ್ ಬರುವ ತನಕ.

ಏಳು ವರ್ಷದ ಹುಡುಗಿ. ಸಣ್ಣ ಕಡ್ಡಿ. ಮೊದಲ ಶನಿವಾರ ಲಿನೆಟ್‌ಳ ಕೈ ಮೂಸಿ, “ನಿನ್ನ ಕೈ ನಾರುತ್ತೆ,” ಅಂದಿತು. ಹಾಗಂದು ಆ ಕೈ ಬಿಡದೆ ಸಂಜೆಯ ತನಕ ಹಿಡಿದುಕೊಂಡು ಓಡಾಡಿತು. ಅವತ್ತೇ ಲಿನೆಟ್ ಅದಕ್ಕೆ ಸೋತುಹೋದಳು. ಯಾವುದೋ ಮಗು ಸಾಕಬೇಕೆಂದು ಅವಳು ಅರ್ಜಿ ಹಾಕಲಿಲ್ಲ. ಈ ಮಗುವಿಗೆ ಕಾಯಂ ಮನೆ ತನ್ನದೇ ಆಗಬೇಕೆಂದು ಹಾಕಿದಳು. ಇದು ಪಾಲಿನ್‌ಗೂ ಗೊತ್ತು, ರಸೆಲ್‌ಗೂ ಗೊತ್ತು.

ಈಗ ಟೀಗನ್ ಮುಂದಿನ ಕೋಣೆಯಲ್ಲಿ ಟಿವಿ ನೋಡುತ್ತಿತ್ತು. ಆ ಕಡೆ ಕೈ ತೋರಿಸಿ ಪಾಲಿನ್ ದನಿ ತಗ್ಗಿಸಿದಳು. “ಇವಳು ಬೇಕು ತಾನೆ ನಿನಗೆ? ಕೌನ್ಸಿಲ್ ತನ್ನ ಮಕ್ಕಳನ್ನ ತನ್ನವರಿಗೇ ಮೊದ್ಲು ಕೊಡೋದು. ಹೊರಗಿನೋರಿಗಲ್ಲ. ಎಷ್ಟು ಸಲ ಹೇಳ್ಲಿ?”

“ನಿನ್ನವರಿಗೇ ಅಂದ್ರೆ ನಿನಗೆ ಹಾಲು ಕುಡಿದಷ್ಟು ಸಂತೋಷ. ಆ ಏಜೆನ್ಸಿಯೋರನ್ನ ನಾನೇ ಕೇಳ್ತೀನಿ, ಬಿಡು.”

“ಕೇಳು. ಚೆನ್ನಾಗಿ ಸಕ್ಕರೆ ಹಾಕಿ ಹೇಳ್ತಾರೆ.” ಪಾಲಿನ್ ಎದ್ದು ಕೋಟು ತೆಗೆದುಕೊಂಡಳು. ಮಗುವನ್ನು ಕೂಗಿದಳು. ಬಾಗಿಲ ಹತ್ತಿರ ಹೋದವಳು ತಿರುಗಿ ಬಂದು ಲಿನೆಟ್‌ಳ ಕಿವಿಯ ಹತ್ತಿರ ಬಾಗಿದಳು. “ಇನ್ನೊಂದು ಮಾತು. ಮಕ್ಕಳ ಜೊತೆ ಏನು ಅನುಭವ ಅಂತ ಆ ಹೆಂಗ್ಸು ಕೇಳೇ ಕೇಳ್ತಾಳೆ. ಶನಿವಾರದ ಸುದ್ದಿ ಎತ್ತಬೇಡ. ಹೋದ ಸಲ ನಂಗೆ ಆದದ್ದು ಗೊತ್ತಲ್ಲ.”

“ನಾನೇನು ನಿನ್ನ ಹಾಗೆ ಚಾಡಿಕೋರಳಾ,” ಅಂದಳು ಲಿನೆಟ್.

ಶನಿವಾರದ ಸುದ್ದಿ ಇಷ್ಟೇ. ಏಪ್ರಿಲ್‌ನಿಂದ ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಪಾಲಿನ್ ಟೀಗನ್‌ಳನ್ನು ತಮ್ಮನ ಮನೆಗೆ ತಂದು ಬಿಟ್ಟು ಬಿಂಗೊ ಎಂಬ ಜೂಜು ಆಡಲು ಹೋಗುತ್ತಿದ್ದಳು. ಐದಕ್ಕೆ ಬಂದು ಕರೆದೊಯ್ಯುತ್ತಿದ್ದಳು. ಕೌನ್ಸಿಲ್‌ನ ಮಕ್ಕಳ ಇಲಾಖೆಗೆ ತಿಳಿಸದೆ, ತನಿಖೆಯಾಗದವರ ಕೈಗೆ ಮಗುವನ್ನು ಹೀಗೆ ದಿನಗಟ್ಟಲೆ ಒಪ್ಪಿಸುವ ಹಾಗಿಲ್ಲ. ಎರಡು ವರ್ಷದ ಹಿಂದೆ ಪಾಲಿನ್ ಇದೇ ತಪ್ಪಿಗೆ ಒಮ್ಮೆ ಸಿಕ್ಕಿಬಿದ್ದು ಎಚ್ಚರಿಕೆಯ ಕಾಗದ ತೆಗೆದುಕೊಂಡಿದ್ದಳು. ಎರಡನೇ ಸಲ ಆದರೆ ಪಟ್ಟಿಯಿಂದ ಹೆಸರು ಹೊಡೆದು ಹಾಕುತ್ತೇವೆ ಎಂದು ಅದರಲ್ಲಿತ್ತು.

ಮರುದಿನ ಮೂರು ಗಂಟೆಗೆ, ಮಕ್ಕಳಿಗೆ ಸಾಕು ಮನೆ ಹುಡುಕುವ ಆ ಖಾಸಗಿ ಏಜೆನ್ಸಿಯ ವೆರಿಟಿ ಬಂದಳು. ಮೂರು ಎಂದರೆ ಮೂರೇ. ಬಾಗಿಲಲ್ಲೇ ಬೂಟು ಕಳಚಿದಳು. ಶುಂಠಿ ಕೇಕ್ ಎರಡು ತುಂಡು ತಿಂದು ಹೇಗೆ ಮಾಡಿದ್ದೆಂದು ಕೇಳಿದಳು. ಖಾಲಿ ಕೋಣೆ ನೋಡಿ, ಕಿಟಕಿಯಿಂದ ಬಂದರು ಕಾಣುತ್ತದಲ್ಲ ಅಂದಳು. ಹಗಲೋ ರಾತ್ರಿಯೋ, ಯಾವಾಗ ಫೋನ್ ಮಾಡಿದರೂ ತಮ್ಮಲ್ಲಿ ಮನುಷ್ಯರೇ ಎತ್ತುತ್ತಾರೆ ಅಂದಳು. ಐದು ತಿಂಗಳಲ್ಲಿ ಕೌನ್ಸಿಲ್ ಮಾಡದ್ದನ್ನು ಆ ಹೆಂಗಸು ಒಂದೂವರೆ ಗಂಟೆಯಲ್ಲಿ ಮುಗಿಸಿದಳು.

“ನಮ್ಮ ಊರಿನ ಕೌನ್ಸಿಲ್ ಮಕ್ಕಳು ನಿಮ್ಮ ಹತ್ರ ಬರ್ತಾರಾ?” ಲಿನೆಟ್ ಕೇಳಿದಳು.

“ಬರ್ತಾರೆ. ಎಲ್ಲಾ ಕೌನ್ಸಿಲ್‌ನೋರೂ ನಮ್ಮನ್ನ ಕೇಳ್ತಾರೆ.”

ಅಷ್ಟು ಸಾಕಾಯಿತು. ಎರಡೂ ಕಡೆ ಒಟ್ಟಿಗೆ ಇರುವ ಹಾಗಿಲ್ಲ, ಅದು ಬಿಟ್ಟರೇ ಇದು. ಲಿನೆಟ್ ಕೌನ್ಸಿಲ್‌ಗೆ ಹಾಕಿದ್ದ ಅರ್ಜಿಯನ್ನು ವಾಪಸ್ಸು ತೆಗೆದುಕೊಳ್ಳುವ ಕಾಗದಕ್ಕೂ ಅಲ್ಲೇ ರುಜು ಹಾಕಿದಳು. ಮಕ್ಕಳ ಅನುಭವದ ಸಾಲಿನಲ್ಲಿ ‘ಗಂಡನ ಅಕ್ಕನ ಮನೆಗೆ ಬರುವ ಮಕ್ಕಳನ್ನು ಆಗಾಗ ಊಟಕ್ಕೆ ಸೇರಿದಾಗ ನೋಡಿದ್ದೇನೆ’ ಎಂದು ಬರೆಸಿದಳು. ಪಾಲಿನ್ ಎಷ್ಟೇ ಬಾಯಿಬಡುಕಿಯಾದರೂ ಸಂಬಂಧಿ. ಕೊಟ್ಟ ಮಾತು ಮಾತು.

ಜೂನ್ ಮೊದಲ ವಾರ ಏಜೆನ್ಸಿಯ ಸಮಿತಿ ಗಂಡ ಹೆಂಡತಿ ಇಬ್ಬರನ್ನೂ ಒಪ್ಪಿಕೊಂಡಿತು. ಏಳು ಜನ ಉದ್ದ ಮೇಜಿನ ಹಿಂದೆ ಕೂತು ಪ್ರಶ್ನೆ ಕೇಳಿದರು. ಲಿನೆಟ್ ಎಲ್ಲೂ ಸಿಡುಕಲಿಲ್ಲ. ರಸೆಲ್‌ಗೇ ಆಶ್ಚರ್ಯ.

ಮೂರನೆಯ ದಿನ ವೆರಿಟಿ ಫೋನ್ ಮಾಡಿದಳು. ನೂರು ಮೈಲಿ ಆಚೆಯ ಊರಿನ ಇಬ್ಬರು ಗಂಡು ಮಕ್ಕಳು, ಅಣ್ಣ ತಮ್ಮ, ಶುಕ್ರವಾರವೇ ಬರಬೇಕು.

“ಆಗಲ್ಲ. ನಾನು ಟೀಗನ್‌ಗೆ ಕಾಯ್ತಾ ಇದೀನಿ.”

ಮತ್ತೊಂದು ವಾರಕ್ಕೆ ಹದಿಮೂರರ ಹುಡುಗಿ. ಆಗಲ್ಲ. ಮತ್ತೆ ಅದೇ ಅಣ್ಣ ತಮ್ಮ, ಇನ್ನೂ ಮನೆ ಸಿಕ್ಕಿಲ್ಲವಂತೆ. ಆಗಲ್ಲ. ವೆರಿಟಿಯ ದನಿಯಲ್ಲಿದ್ದ ಸಕ್ಕರೆ ಒಂದೊಂದು ಚಮಚ ಕಡಿಮೆಯಾಗುತ್ತ ಬಂತು.

ಮನೆಯಲ್ಲಿ ರಸೆಲ್ ಕೂಗಾಡಿದ. ಹಡಗುಕಟ್ಟೆಯಲ್ಲಿ ಪೆಟ್ಟಿಗೆ ಎತ್ತಿ ಎತ್ತಿ ಅವನ ಸೊಂಟ ಹೋಗಿತ್ತು, ಅಕ್ಟೋಬರ್‌ನಿಂದ ಮನೆಯಲ್ಲೇ ಇದ್ದ. “ಇಬ್ಬರು ಹುಡುಗ್ರು ಕಣೇ. ಬೇಡ ಅಂತೀಯ. ಆ ಕೋಣೆ ಏನು ನಿಮ್ಮಪ್ಪನ ಸಮಾಧಿನಾ, ಬೀಗ ಹಾಕ್ಕೊಂಡು ಕಾಯೋಕೆ?”

“ಆ ಕೋಣೆ ಯಾರದು ಅಂತ ನಿನಗೆ ಗೊತ್ತು. ಅದಕ್ಕೆ ಬಣ್ಣ ಹಚ್ಚಿದೋನು ನೀನೇ.”

“ಹಚ್ಚಿದೆ. ಮಗು ಯಾವುದಾದ್ರೇನು? ಎಲ್ಲಾ ಮಕ್ಕಳೂ ಮಕ್ಕಳೇ.”

“ಹಂಗಾದ್ರೆ ಹೆಂಡತಿ ಯಾವಳಾದ್ರೇನು? ಹೋಗು, ಇನ್ನೊಬ್ಬಳನ್ನ ಕಟ್ಕೋ.”

ಅವನು ಟಿವಿಯ ದನಿ ಜೋರು ಮಾಡಿದ.

ಆ ಗುರುವಾರ ಪಾಲಿನ್ ಫೋನ್ ಮಾಡಿದಳು. ದನಿಯಲ್ಲಿ ಖುಷಿ ಇತ್ತೋ, ಅಳುಕು ಇತ್ತೋ ಲಿನೆಟ್‌ಗೆ ತಿಳಿಯಲಿಲ್ಲ. “ಟೀಗನ್‌ಗೆ ಮನೆ ಸಿಕ್ತು. ಕೌನ್ಸಿಲ್‌ನೋರೇ. ಗಂಡ ಹೆಂಡತಿ, ಒಳ್ಳೇ ಜನ, ಹಿಂದುಗಡೆ ಕುದುರೆ ಇದೆಯಂತೆ. ನಲವತ್ತು ಮೈಲಿ. ಬರೋ ಬುಧವಾರ ಮೊದಲ ಭೇಟಿ, ತಿಂಗಳ ಕೊನೆಗೆ ಹೋಗ್ತಾಳೆ. ನಾನು ಹೇಳಿದ್ದೆ ನಿನಗೆ.”

ಲಿನೆಟ್ ಫೋನ್ ಕುಕ್ಕಿ, ತಕ್ಷಣ ವೆರಿಟಿಗೆ ಹಚ್ಚಿದಳು. ನಿಜಕ್ಕೂ ಮನುಷ್ಯರೇ ಎತ್ತಿದರು. ಅದೊಂದು ಸುಳ್ಳಾಗಿರಲಿಲ್ಲ.

“ನಮ್ಮ ಊರಿನ ಮಕ್ಕಳು ಬರ್ತಾರೆ ಅಂದಿದ್ರಿ ನೀವು.”

“ಬರ್ತಾರೆ, ಲಿನೆಟ್. ಆದರೆ ಕೌನ್ಸಿಲ್ ಮೊದಲು ತನ್ನ ಮನೆಗಳಲ್ಲಿ ಹುಡುಕುತ್ತೆ. ಅಲ್ಲಿ ಸಿಗದೇ ಹೋದ್ರೆ ನಮ್ಮನ್ನ ಕೇಳ್ತಾರೆ. ಎಲ್ಲಾ ಕಡೆ ಹಾಗೇ.”

“ಅವತ್ತು ಯಾಕೆ ಹೇಳಲಿಲ್ಲ?”

“ನೀವು ಒಂದು ಮಗುವಿಗೋಸ್ಕರ ಬಂದಿದೀರಿ ಅಂತ ಅವತ್ತು ನೀವೂ ಹೇಳಲಿಲ್ಲ.”

ಅದು ನಿಜ. ಹೇಳಿದ್ದರೆ, ಆ ಮಗು ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು. ಶನಿವಾರಗಳು ಹೊರಗೆ ಬರುತ್ತಿದ್ದವು. ಈಗ ಕೌನ್ಸಿಲ್‌ಗೆ ಮರಳಿ ಹೋಗಬಹುದಾ ಎಂದು ಲಿನೆಟ್ ಕೇಳಿದಳು. ಹೋಗಬಹುದು, ಆರು ತಿಂಗಳಾದರೂ ಬೇಕು ಅಂದಳು ವೆರಿಟಿ. ಆಮೇಲೆ ಇಷ್ಟವಿಲ್ಲದ ದನಿಯಲ್ಲಿ, “ನೋಡಿ, ಇದನ್ನ ಹೇಳಿದ್ರೆ ನಷ್ಟ ನಮಗೇ,” ಅಂದಳು. “ಮಗುವಿಗೆ ಮೊದಲಿಂದ ಚೆನ್ನಾಗಿ ಗೊತ್ತಿರೋ ಜನ ಇದ್ರೆ, ಟೀಚರೋ, ನೆರೆಯವರೋ, ಯಾರೇ ಆಗ್ಲಿ, ಅವರನ್ನ ಕೌನ್ಸಿಲ್ ಬೇರೆಯಾಗೇ ನೋಡ್ಬೇಕು. ಕಾನೂನೇ ಇದೆ. ಅವರು ಯಾವ ಏಜೆನ್ಸಿಯೋರಾದ್ರೂ ಅಡ್ಡಿಯಿಲ್ಲ. ಆದ್ರೆ ಆ ಮಗು ನಿಮ್ಮನ್ನ ಹಚ್ಕೊಂಡಿದೆ ಅನ್ನೋದು ಎಲ್ಲಾದ್ರೂ ಬರಹದಲ್ಲಿ ಇರಬೇಕು. ಇದೆಯಾ?”

“ಹದಿನಾಲ್ಕು ತಿಂಗಳಿಂದ ಬರ್ತಾ ಇದೆ ನನ್ನ ಮನೆಗೆ,” ಅಂದಳು ಲಿನೆಟ್. “ಇಲ್ಲದೆ ಎಲ್ಲಿ ಹೋಗುತ್ತೆ.”

ಟೀಗನ್‌ಳ ಉಸ್ತುವಾರಿ ರುಡೊ ಎಂಬ ಹೆಂಗಸಿನದು. ಜಿಂಬಾಬ್ವೆಯಿಂದ ಬಂದು ಹನ್ನೆರಡು ವರ್ಷದಿಂದ ಈ ಇಲಾಖೆಯಲ್ಲಿ ಸವೆದವಳು. ಲಿನೆಟ್ ಫೋನ್ ಮಾಡಿ ವಿಷಯ ಹೇಳಿದಾಗ ಅವಳು ತಕ್ಷಣ, “ಮಂಗಳವಾರ ಹತ್ತು ಗಂಟೆಗೆ ಪಾಲಿನ್ ಮನೆಯಲ್ಲಿ ಇರ್ತೀನಿ, ಬನ್ನಿ, ಎಲ್ಲರೂ ಒಟ್ಟಿಗೆ ಕೂತು ಮಾತಾಡೋಣ. ಮಗು ಶಾಲೆಯಲ್ಲಿರುತ್ತೆ,” ಅಂದಳು.

ಮಂಗಳವಾರ ಕಾರಿನಲ್ಲಿ ಹೋಗುವಾಗ ರಸೆಲ್ ಬಾಯಿಬಿಟ್ಟ. “ಪಾಲಿನ್‌ಗೆ ತೊಂದ್ರೆ ಆಗುತ್ತೆ, ಲಿನ್.”

“ಎರಡು ಮಾತು ಬೈಸ್ಕೊಳ್ತಾಳೆ.”

“ಹೆಸರು ತೆಗೀತಾರೆ. ಅವಳಿಗೆ ಬೇರೆ ಕೆಲ್ಸ ಬರಲ್ಲ. ಮನೆ ಬಾಡಿಗೆಯೂ ಅದ್ರಲ್ಲೇ.”

“ನಲವತ್ಮೂರು ಮಕ್ಕಳನ್ನ ಸಾಕಿದೋಳು. ಒಂದು ಮಗುಗೆ ಒಳ್ಳೇದಾಗುತ್ತೆ ಅಂದ್ರೆ ನಿಜ ಹೇಳಲ್ವಾ? ಆ ಗೋಡೆ ತುಂಬಾ ಪಟ ಯಾಕೆ ಹಾಕ್ಕೊಂಡಿದಾಳೆ ಹಂಗಾದ್ರೆ, ಗೋಡೆ ಬಿರುಕು ಮುಚ್ಚೋಕಾ?”

ಅವನು ಅಕ್ಕನ ಮನೆಯ ಮುಂದೆ ಕಾರು ನಿಲ್ಲಿಸಿದ.

ಪಾಲಿನ್‌ಳ ಅಡಿಗೆಮನೆಯಲ್ಲಿ ರುಡೊ ಮೊದಲೇ ಬಂದು ಕೂತಿದ್ದಳು. ಕೊರಳಲ್ಲಿ ಗುರುತಿನ ಚೀಟಿ, ಮುಂದೆ ದಪ್ಪ ಕಡತ. ಪಾಲಿನ್ ಎಲ್ಲರಿಗೂ ಟೀ ಬಗ್ಗಿಸಿದಳು. ಲಿನೆಟ್‌ಳ ಲೋಟಕ್ಕೆ ಹಾಲು ಹಾಕಲಿಲ್ಲ. ಅವಳಿಗೆ ಹಾಲು ಬೇಕೆಂದು ಪಾಲಿನ್‌ಗೆ ಇಪ್ಪತ್ತಾರು ವರ್ಷದಿಂದ ಗೊತ್ತು.

ಲಿನೆಟ್ ಸುತ್ತು ಬಳಸಲಿಲ್ಲ. ಹೋದ ವರ್ಷ ಏಪ್ರಿಲ್‌ನಿಂದ ಪ್ರತಿ ಶನಿವಾರ ಮಗು ತನ್ನ ಮನೆಯಲ್ಲಿ ಇರುತ್ತಿತ್ತು, ಹತ್ತರಿಂದ ಐದರ ತನಕ. ತಾನು ಅದನ್ನು ಸಾಕಬೇಕು. ಅಷ್ಟೇ.

ರುಡೊ ಪಾಲಿನ್ ಕಡೆ ನೋಡಿದಳು. “ಹೌದಾ?”

“ಬಂದಿದೆ,” ಅಂದಳು ಪಾಲಿನ್. “ನನ್ನ ಜೊತೆ. ಭಾನುವಾರದ ಊಟಕ್ಕೆ, ಎರಡು ಮೂರು ಸಲ. ಪಾಪ, ಇವಳಿಗೆ ಮಕ್ಕಳಿಲ್ಲ, ಮನಸ್ಸಿಗೆ ಹಚ್ಕೊಂಡಿದಾಳೆ. ಅದು ತಪ್ಪಲ್ಲ.”

ಲಿನೆಟ್‌ಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಕುರ್ಚಿಯಿಂದ ಎದ್ದಳು. “ಎರಡು ಮೂರು ಸಲ? ನಿನ್ನ ಬಾಯಲ್ಲಿ ಹುಳ ಬೀಳ. ಪ್ರತಿ ಶನಿವಾರ ಬಿಂಗೊಗೆ ಎಲ್ಲಿ ಬಿಟ್ಟು ಹೋಗ್ತಿದ್ದೆ ಅದನ್ನ?”

“ಬಿಂಗೊ ಬಿಟ್ಟು ಎರಡು ವರ್ಷ ಆಯ್ತು ನಾನು.”

“ಲಿನೆಟ್, ಕೂತ್ಕೊಳ್ಳಿ,” ಅಂದಳು ರುಡೊ. ಕಡತ ಬಿಚ್ಚಿದಳು. ಸಾಕುತಾಯಂದಿರು ಪ್ರತಿದಿನ ವರದಿ ಬರೆಯಬೇಕು. ಮಗು ಏನು ತಿಂದಿತು, ಎಲ್ಲಿಗೆ ಹೋಯಿತು, ಯಾರನ್ನು ಕಂಡಿತು, ಏನು ಮಾತಾಡಿತು, ಎಲ್ಲ. ಇಲಾಖೆಗೆ ಮಗುವಿನ ಬದುಕು ಎಂದರೆ ಆ ಹಾಳೆಗಳೇ. ರುಡೊ ಶನಿವಾರಗಳನ್ನು ಒಂದೊಂದಾಗಿ ತೆಗೆದು ಓದಿದಳು. “‘ಶನಿವಾರ. ಟೀಗನ್ ಮತ್ತು ನಾನು ಕಡಲ ದಂಡೆಗೆ ಹೋಗಿ ಏಡಿ ಹಿಡಿದೆವು. ಆರು ಸಿಕ್ಕವು. ಎಲ್ಲಕ್ಕೂ ಹೆಸರಿಟ್ಟು ಬಿಟ್ಟಳು.’ ‘ಶನಿವಾರ. ಟೀಗನ್ ಮೊದಲ ಸಲ ಹೆದರದೆ ಸ್ನಾನ ಮಾಡಿದಳು. ನಲ್ಲಿಯ ಸದ್ದಿಗೆ ಹೆದರುತ್ತಾಳೆಂದು ನಾನು ಮೊದಲೇ ತೊಟ್ಟಿ ತುಂಬಿಸಿಟ್ಟಿದ್ದೆ.’ ‘ಶನಿವಾರ. ಅವಳು ನನಗೆ ಓದಿ ಹೇಳಿದಳು. ಒಂಬತ್ತು ಪುಟ.’”

ಲಿನೆಟ್ ಮತ್ತೆ ಕುರ್ಚಿಯಲ್ಲಿ ಕೂತಳು. ಆರು ಏಡಿ ಹಿಡಿದದ್ದು ಅವಳು. ತೊಟ್ಟಿ ತುಂಬಿಸಿದ್ದು ಅವಳು. ಒಂಬತ್ತು ಪುಟ ಕೇಳಿದ್ದೂ ಅವಳೇ. ಐದು ಗಂಟೆಗೆ ಮಗುವನ್ನು ಕರೆದೊಯ್ಯಲು ಬಂದಾಗ ಪಾಲಿನ್, “ಇವತ್ತೇನು ಮಾಡಿದ್ರಿ?” ಎಂದು ಕೇಳುತ್ತಿದ್ದಳು. ಲಿನೆಟ್ ಹೆಮ್ಮೆಯಿಂದ ಒಂದೂ ಬಿಡದೆ ಹೇಳುತ್ತಿದ್ದಳು. ಪಾಲಿನ್ ಮನೆಗೆ ಹೋಗಿ ಅದನ್ನೇ ಬರೆದು, ಲಿನೆಟ್‌ಳ ಜಾಗದಲ್ಲಿ ತನ್ನನ್ನು ನಿಲ್ಲಿಸಿಕೊಂಡಿದ್ದಳು.

“ನಿಜ ಹೇಳ್ಬೇಕಂದ್ರೆ,” ಅಂದಳು ರುಡೊ, “ಪಾಲಿನ್ ಅವರ ವರದಿಗಳಲ್ಲಿ ಶನಿವಾರದವೇ ತುಂಬಾ ಚೆನ್ನಾಗಿರೋವು. ಹೊಸಬರಿಗೆ ತೋರಿಸ್ತೀವಿ.”

“ಅದು ನನ್ನ ಶನಿವಾರ,” ಅಂದಳು ಲಿನೆಟ್. ದನಿ ಏರಲಿಲ್ಲ. “ಏಡಿ ಹೆಸರು ಕೇಳಿ ಇವಳನ್ನ. ಆರು ಹೆಸರು.”

“ಮಕ್ಕಳು ಇಡೋ ಹೆಸರು ಯಾರಿಗೆ ನೆನಪಿರುತ್ತೆ?” ಪಾಲಿನ್ ಅಂದಳು. “ಅವಳಿಗೆ ನೆನಪಿದ್ರೆ ನಾನು ಊಟದ ಹೊತ್ತಲ್ಲಿ ಹೇಳಿರ್ತೀನಿ. ನಾನೇನಾದ್ರೂ ಹೇಳಿದ್ರೆ ಇವಳು ಪ್ರಸಾದದ ಹಾಗೆ ಎತ್ತಿಟ್ಕೊಳ್ತಿದ್ಲು.”

“ನಾನು ಬರೆದಿದ್ದನ್ನ ಓದ್ಬಹುದು,” ಅಂದಳು ರುಡೊ. “ಬರೆಯದೇ ಇರೋದನ್ನ ಹೇಗೆ ಓದ್ಲಿ, ಲಿನೆಟ್? ನಿಮ್ಮ ಏಜೆನ್ಸಿಯ ಕಡತವನ್ನೂ ತರಿಸಿ ನೋಡಿದೆ. ‘ಆಗಾಗ ಊಟಕ್ಕೆ’ ಅಂತ ನೀವೇ ಹೇಳಿದೀರಿ. ಆ ವೆರಿಟಿಯವರೂ ಶನಿವಾರದ ಸುದ್ದಿ ಎಲ್ಲೂ ಬರೆದಿಲ್ಲ.”

“ಇವಳೇ ಬೇಡ ಅಂದ್ಲು. ಇವಳಿಗೆ ತೊಂದ್ರೆ ಆಗಬಾರದು ಅಂತ ನಾನು ಬಿಟ್ಟೆ.”

“ನೋಡಿ,” ಅಂದಳು ಪಾಲಿನ್ ರುಡೊ ಕಡೆ ತಿರುಗಿ, “ಆ ಅಂಗಡಿಯೋರ ಹತ್ರ ಸೇರಿದ ಮೇಲೆ ಹೀಗಾಗಿದಾಳೆ. ಖಾಲಿ ಕೋಣೆ ಇಟ್ಕೊಂಡಿದೀಯ ಅಂತ ಅವರು ಕತ್ತಿನ ಮೇಲೆ ಕೂತಿರ್ತಾರೆ. ನಮ್ಮ ಮಗುವನ್ನ ಎಳ್ಕೊಂಡು ಹೋದ್ರೆ ಅವರಿಗೆ ಲಾಭ.”

ಲಿನೆಟ್ ಗಂಡನ ಕಡೆ ತಿರುಗಿದಳು. ರಸೆಲ್ ಫ್ರಿಜ್ಜಿಗೆ ಒರಗಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಟೀಗನ್‌ಗೆ ಸೈಕಲ್ ಕಲಿಸಿದವನು ಅವನು. ಅದರ ಮಂಡಿ ತರಚಿದಾಗ ಅಂಗಡಿಗೆ ಓಡಿ ಪಟ್ಟಿ ತಂದವನೂ ಅವನೇ.

“ಹೇಳು, ರಸ್.”

ಅವನು ಅಕ್ಕನನ್ನು ನೋಡಿದ. ಅಕ್ಕ ಅವನನ್ನು ನೋಡಲಿಲ್ಲ, ಸಿಂಕಿನ ನಲ್ಲಿಯನ್ನು ಬಿಗಿ ಮಾಡುತ್ತಿದ್ದಳು.

“ಶನಿವಾರ ನಾನು ಫುಟ್‌ಬಾಲ್ ನೋಡೋಕೆ ಹೋಗ್ತೀನಿ,” ಅಂದ. “ಮನೇಲಿ ಯಾರು ಬಂದ್ರು ಹೋದ್ರು ಅಂತ ನಂಗೇನು ಗೊತ್ತಾಗುತ್ತೆ.”

“ಬೇಸಿಗೆಯಲ್ಲೂನಾ?” ಅಂದಳು ಲಿನೆಟ್. “ಬೇಸಿಗೆಯಲ್ಲಿ ಯಾವನು ಆಡ್ತಾನೆ ಫುಟ್‌ಬಾಲ್?”

ಅವನು ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಒತ್ತಿ ನೋಡಿದ.

“ಮಗುವನ್ನೇ ಕೇಳಿದೀನಿ,” ಅಂದಳು ರುಡೊ. ಅವಳ ದನಿಯಲ್ಲಿ ಈಗ ಸ್ವಲ್ಪ ಅನುಮಾನ ಸೇರಿತ್ತು. ಅದು ಯಾರ ಮೇಲೆ ಎಂದು ಹೇಳಲಾಗುತ್ತಿರಲಿಲ್ಲ. “ಹೋದ ವಾರ ಒಂದು ಗಂಟೆ ಜೊತೆಗೆ ಕೂತಿದ್ದೆ. ನಿನಗೆ ಯಾರ ಜೊತೆ ಇರೋಕೆ ಇಷ್ಟ, ವಾರದಲ್ಲಿ ಎಲ್ಲೆಲ್ಲಿಗೆ ಹೋಗ್ತೀಯ, ಎಲ್ಲಾ ಕೇಳಿದೆ. ನಿಮ್ಮ ಹೆಸರು ಬರಲಿಲ್ಲ. ಶನಿವಾರ ಅಂದ ಕೂಡಲೇ ಬಾಯಿ ಮುಚ್ಕೊಂಡ್ಲು.”

“ಮುಚ್ಕೊಳ್ದೆ ಇನ್ನೇನು ಮಾಡ್ತಾಳೆ,” ಅಂದಳು ಲಿನೆಟ್. “ಹೇಳ್ಬೇಡ ಅಂತ ನಾನೇ ಹೇಳಿದೀನಿ. ಇದು ನಮ್ಮಿಬ್ಬರ ಗುಟ್ಟು ಪುಟ್ಟಾ, ಯಾರಿಗಾದ್ರೂ ಹೇಳಿದ್ರೆ ನೀನು ಮತ್ತೆ ನನ್ನ ಮನೆಗೆ ಬರೋಕಾಗಲ್ಲ ಅಂತ. ಅದಕ್ಕೇ ಹೇಳಿಲ್ಲ. ಇದಕ್ಕಿಂತ ಸಾಕ್ಷಿ ಬೇಕಾ ನಿಮಗೆ?”

ಪಾಲಿನ್‌ಳ ಕೈ ನಲ್ಲಿಯ ಮೇಲೆ ನಿಂತಿತು. ರುಡೊ ಪೆನ್ನು ಎತ್ತಿಕೊಂಡಳು.

“ಮಗುವಿಗೆ ಗುಟ್ಟು ಇಟ್ಕೋ ಅಂದ್ರಾ ನೀವು?”

“ಅಂದೆ. ಇವಳಿಗೋಸ್ಕರ.”

“ಹೇಳಿದ್ರೆ ನಿನಗೇ ನಷ್ಟ ಅಂತ ಹೆದರಿಸಿದ್ರಾ?”

“ಹೆದರಿಸಿದ್ದಲ್ಲ, ಹೇಳಿದ್ದು.”

“ಲಿನೆಟ್, ಈ ಮಗು ನಮ್ಮ ಹತ್ರ ಯಾಕೆ ಬಂತು ಗೊತ್ತಾ?” ರುಡೊ ಬರೆಯುತ್ತಲೇ ಕೇಳಿದಳು. “ಅದರ ಮನೇಲಿ ಒಬ್ಬ ದೊಡ್ಡವನು ಅದಕ್ಕೆ ಇದನ್ನೇ ಹೇಳ್ತಿದ್ದ. ಗುಟ್ಟು, ಯಾರಿಗೂ ಹೇಳ್ಬೇಡ, ಹೇಳಿದ್ರೆ ನಿನ್ನನ್ನ ಕಳಿಸಿಬಿಡ್ತಾರೆ. ಸಾಕು ಮನೆಯ ತರಬೇತಿಯಲ್ಲಿ ಮೊದಲ ದಿನ ಹೇಳಿಕೊಡೋದೇ ಇದು. ಮಗುವಿನ ಜೊತೆ ಗುಟ್ಟು ಬೇಡ. ಯಾವುದೂ ಬೇಡ.”

ಲಿನೆಟ್‌ಗೆ ಗೊತ್ತಿತ್ತು. ತರಬೇತಿಯಲ್ಲಿ ಅದನ್ನು ಕೇಳಿಸಿಕೊಂಡಿದ್ದಳು, ತಲೆಯಾಡಿಸಿದ್ದಳು. ತನ್ನ ಗುಟ್ಟು ಬೇರೆ ತರಹದ್ದು ಅಂದುಕೊಂಡಿದ್ದಳು. ಅಕ್ಕರೆಯದು.

“ಇದನ್ನ ನಾನು ವರದಿ ಮಾಡಲೇಬೇಕು,” ಅಂದಳು ರುಡೊ. “ನಿಮ್ಮ ಏಜೆನ್ಸಿಗೂ ಹೋಗುತ್ತೆ. ನೀವು ಹೇಳಿದ್ದು ನಿಜವಾದ್ರೆ ಪಾಲಿನ್ ಮೇಲೂ ವಿಚಾರಣೆ. ಸುಳ್ಳಾದ್ರೆ ಇನ್ನೂ ಕೆಟ್ಟದ್ದು. ರಸೆಲ್, ಇನ್ನೊಂದು ಸಲ ಕೇಳ್ತೀನಿ. ಆ ಮಗು ಶನಿವಾರ ನಿಮ್ಮ ಮನೆಗೆ ಬರ್ತಿತ್ತಾ?”

ಈಗ ಅವನು ಹೌದು ಅಂದರೂ ಲಿನೆಟ್‌ಗೆ ಮಗು ಸಿಗುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಾಗಿತ್ತು. ಅಂದಿದ್ದರೆ ಹೆಂಡತಿ ಸುಳ್ಳುಗಾತಿಯಲ್ಲ ಎಂದಾದರೂ ಆಗುತ್ತಿತ್ತು. ಲಿನೆಟ್ ಅವನ ಬಾಯನ್ನೇ ನೋಡುತ್ತ ಕೂತಳು.

“ನಂಗೆ ಗೊತ್ತಿಲ್ಲ,” ಅಂದ ರಸೆಲ್.

“ನಾಳೆ ಬೆಳಿಗ್ಗೆ ಆ ಗಂಡ ಹೆಂಡತಿ ಬರ್ತಾರೆ,” ಅಂದಳು ರುಡೊ, ಕಡತ ಮುಚ್ಚಿ. “ಅಲ್ಲೀ ತನಕ, ಅದಾದ ಮೇಲೂ, ನೀವು ಮಗುವನ್ನ ಕಾಣೋ ಹಾಗಿಲ್ಲ, ಲಿನೆಟ್. ಕ್ಷಮಿಸಿ.”

ಲಿನೆಟ್ ಎದ್ದಳು. ಮುಟ್ಟದ ಟೀ ಹಾಗೇ ಇತ್ತು. ಪಾಲಿನ್ ಒಂದು ಹೆಜ್ಜೆ ಮುಂದೆ ಬಂದು, “ಲಿನ್, ನನ್ನ ಜಾಗದಲ್ಲಿ ನೀನಿದ್ದಿದ್ರೆ,” ಎಂದು ಶುರು ಮಾಡಿದಳು.

“ನಿನ್ನ ಜಾಗದಲ್ಲಿ ನಾನೇ ಇದ್ದೆ. ಪ್ರತಿ ಶನಿವಾರ,” ಅಂದಳು ಲಿನೆಟ್. “ಜೀವ ಇರೋ ತನಕ ನನ್ನ ಹೆಸರು ನಿನ್ನ ಬಾಯಲ್ಲಿ ಬರಬಾರದು.”

ಹೊರಗೆ ಬಂದಾಗ ಬಂದರಿನ ಕಡೆಯಿಂದ ಗಾಳಿ ಜೋರಾಗಿತ್ತು. ಹಿಂದೆ ಬಾಗಿಲು ತೆರೆದ ಸದ್ದಾಯಿತು. ರಸೆಲ್ ಸೊಂಟ ಹಿಡಿದುಕೊಂಡು ಮೆಟ್ಟಿಲಿಳಿಯುತ್ತ ಕೂಗಿದ. “ಲಿನ್, ಕಾರು ಈ ಕಡೆ ಕಣೇ. ಹತ್ತು, ಮನೆಗೆ ಹೋಗಿ ಮಾತಾಡೋಣ. ಅವಳು ನನ್ನ ಒಡಹುಟ್ಟಿದೋಳು, ನಾನೇನು ಮಾಡ್ಲಿ?”

ಅವಳು ನಿಲ್ಲಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಇಪ್ಪತ್ತಾರು ವರ್ಷ ಬೈಸಿಕೊಂಡು, ತಿಂದು, ಮಲಗಿ, ಮರುದಿನ ಎದ್ದವನು ಅವನು. ಅವಳು ರಸ್ತೆ ದಾಟಿ, ಮನೆಯ ಕಡೆಗೆ ಹೋಗುವ ಬಸ್ಸು ನಿಲ್ಲುವ ಜಾಗ ಬಿಟ್ಟು, ಎದುರುಗಡೆ ಹೋಗಿ ನಿಂತಳು. ಮೊದಲು ಬಂದ ಬಸ್ಸು ಹತ್ತಿದಳು. ಎಲ್ಲಿಗೆ ಎಂದು ಚಾಲಕ ಕೇಳಿದ್ದಕ್ಕೆ, ಇದು ಎಲ್ಲಿಯ ತನಕ ಹೋಗುತ್ತೋ ಅಲ್ಲಿಗೆ ಅಂದಳು.

ರಸೆಲ್ ಕಾರಿನ ಬಾಗಿಲು ತೆರೆದು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಆಮೇಲೆ ಯಾವತ್ತೂ ಅವಳು ಅಕ್ಕನ ಮನೆಗೂ ಬರಲಿಲ್ಲ, ಅವನ ಮನೆಗೂ ಬರಲಿಲ್ಲ.